ಬದಿಗೆ ಸರಿದ ಹರಳುಗಳು

ಶಿಗ್ಗಾಂವಿಯಲ್ಲಿ ನನ್ನ ಶಾಲೆಯ ಲಂಗಗಳನ್ನೆಲ್ಲ ಹೊಲಿದುಕೊಟ್ಟ ದರ್ಜಿ ಕಾಕಾ, ಮೂವತ್ತು ವರ್ಷಗಳ ನಂತರ ಹುಬ್ಬಳ್ಳಿಯ ನನ್ನ ಸ್ಕ್ಯಾನ್ ಕೋಣೆಗೆ ಬಂದರು. ಜೊತೆಗೆ ಅವರ ಹೆಂಡತಿ. ಕಾಕಾ ಮೇದೋಜೀರಕ ಗ್ರಂಥಿಯ ಉರಿಯೂತದಿಂದ ಹತ್ತಾರು ವರ್ಷ ಹೊಟ್ಟೆನೋವು ಅನುಭವಿಸಿದವರು. ಹೆಂಡ ಮುಟ್ಟಿದವರಲ್ಲ. ಆದರೂ ಕಂಡ ವೈದ್ಯರೆಲ್ಲ "ಕುಡೀತೀರೇನು?" ಎಂದೇ ಮೊದಲು ಕೇಳಿದ್ದರಂತೆ. ನಾನು ಕೇಳಲಿಲ್ಲ.

"ಪ್ಯಾಂಟಿನ ಸೊಂಟ ಮೂರು ಸಲ ಬಿಗಿ ಮಾಡೇನಿ ತಂಗಿ, ಮತ್ತ ಸಡ್ಲ ಆಗೈತಿ" ಎಂದರು.

ಸಿ.ಟಿ. ಚಿತ್ರದಲ್ಲಿ ಗ್ರಂಥಿಯ ತಲೆಭಾಗದಲ್ಲಿ ಒಂದು ಗಂಟು ಕಂಡಿತು. ಹಳೆಯ ಉರಿಯೂತವೂ ಹೀಗೆ ಗಂಟು ಕಟ್ಟುತ್ತದೆ, ಕ್ಯಾನ್ಸರೂ ಕಟ್ಟುತ್ತದೆ. ಅವರ ಹೆಂಡತಿ ಮೂರು ವರ್ಷದ ಹಿಂದಿನ ಫಿಲ್ಮ್ ಜೋಪಾನವಾಗಿ ತಂದಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಆಗ ತಲೆಭಾಗದ ತುಂಬ ಚೆದುರಿದ್ದ ಸುಣ್ಣದ ಹರಳುಗಳು ಈಗ ಅಂಚಿಗೆ ಸರಿದಿದ್ದವು. ನಡುವೆ ಹೊಸದೇನೋ ಬೆಳೆದಿತ್ತು. ಉರಿಯೂತದ ಗಂಟಾದರೆ ಗ್ರಂಥಿಯ ಜೀರ್ಣರಸ ಹರಿಯುವ ನಾಳ ಸಣ್ಣದಾಗುತ್ತ ಗಂಟಿನೊಳಗೂ ಸಾಗುವುದುಂಟು. ಇಲ್ಲಿ ಗಂಟಿನ ಬಳಿ ಬಂದು ತಟ್ಟನೆ ನಿಂತುಬಿಟ್ಟಿತ್ತು. ಕ್ಯಾನ್ಸರಿನ ಶಂಕೆಯಿದೆ, ಗಂಟಿನ ಚೂರು ತೆಗೆದು ನೋಡುವ ಸೂಜಿ ಪರೀಕ್ಷೆ ಆಗಬೇಕು ಎಂದು ಬರೆದೆ.

ಆ ಪರೀಕ್ಷೆಯಲ್ಲಿ ಕ್ಯಾನ್ಸರ್ ಸಿಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಪೇಢೆ ತಂದರು. ನನಗೆ ಬಾಯಿಗಿಡಲು ಆಗಲಿಲ್ಲ. ಗಟ್ಟಿ ಕಲೆಗಟ್ಟಿದ ಗ್ರಂಥಿಯಲ್ಲಿ ಸೂಜಿಯ ಮೊನೆಗೆ ರೋಗವಿರುವ ಜಾಗ ತಪ್ಪಿಹೋಗಬಹುದು. ನಾನೇ ತಪ್ಪಿರಲಿ ಎಂದು ಒಳಗೊಳಗೇ ಆಸೆಪಟ್ಟೆ. ಆದರೆ ಚಿತ್ರ ಬದಲಾಗಿರಲಿಲ್ಲ.

"ಕಾಕಾ, ಇನ್ನೊಮ್ಮೆ ಸೂಜಿ ಹಾಕಿಸಬೇಕ್ರಿ."

"ಇಲ್ಲಂತ ಬರದಾರಲ್ರಿ!" ಅವರ ಹೆಂಡತಿ ಸಿಡಿದರು. "ಮತ್ತ ಯಾಕ ಹೆದರಸ್ತೀರಿ?"

ಕಾಕಾ ಹೆಂಡತಿಯ ಕೈ ಹಿಡಿದು ಕೂರಿಸಿದರು. "ನಿನಗ ಏನ್ ಕಂಡೈತಿ, ತೋರಸ್ ತಂಗಿ."

ಎರಡೂ ಫಿಲ್ಮಿನಲ್ಲಿ ಹರಳುಗಳಿರುವ ಜಾಗ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಹೌದು, ಸರದಾವು," ಎಂದರು ಮೆಲ್ಲಗೆ. "ಹಾಕಸ್ತೇನಿ."

ಎರಡನೆಯ ಸಲ ಕ್ಯಾನ್ಸರ್ ಸಿಕ್ಕಿತು. ರಕ್ತನಾಳಗಳಿಗೆ ಇನ್ನೂ ಹಬ್ಬಿರಲಿಲ್ಲವಾದ್ದರಿಂದ ಶಸ್ತ್ರಚಿಕಿತ್ಸೆ ಮಾಡಲು ಸಾಧ್ಯವಾಯಿತು. ಆಮೇಲೆ ಕಾಕಾ ಎರಡು ವರ್ಷ ಬದುಕಿದರು. ಕೊನೆಯ ತಿಂಗಳುಗಳು ನೋವಿನವೇ.

ತೀರಿಕೊಂಡ ಸುದ್ದಿ ತಿಳಿದು ಮಾತಾಡಿಸಲು ಹೋದೆ. ಅವರ ಹೆಂಡತಿ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಎರಡು ವರ್ಷ ಜೋಡಿಲೆ ಉಂಡ್ವಿ," ಎಂದರು.