ಬಲ ಭುಜ ಮಾಸಿದ ಕೋಟು

ಅವರ ಕರಿ ಕೋಟಿನ ಬಲ ಭುಜ ಮಾತ್ರ ಬಿಸಿಲಿಗೆ ಬೆಂದು ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವಾಗಲೂ ಬರುವಾಗಲೂ ಬಸ್ಸಿನ ಬಲಗಡೆಯ ಕಿಟಕಿಯೇ ಅವರ ಜಾಗ. ಬೆಳಗಿನ ಬಿಸಿಲೂ ಸಂಜೆಯ ಬಿಸಿಲೂ ಅದೇ ಭುಜಕ್ಕೆ. ನೆರಳಿನ ಕಡೆ ಕೂರಬಾರದೇ ಸಾರ್ ಎಂದರೆ, "ನೆಳ್ಳಾಗೆ ಕೂತ್ರೆ ನಿದ್ದೆ ಬಂದ್ಬುಡ್ತದೆ ಕಣಮ್ಮ. ಬಿಸ್ಲು ಬಿದ್ರೆ ಫೈಲು ಓದ್ತೀನಿ" ಎನ್ನುತ್ತಿದ್ದರು.

ಅವರು ಸರ್ಕಾರದ ಪರವಾಗಿ ಕ್ರಿಮಿನಲ್ ಕೇಸು ನಡೆಸುವ ಪಬ್ಲಿಕ್ ಪ್ರಾಸಿಕ್ಯೂಟರ್, ಪಿ.ಪಿ. ನಾನಾಗ ಹಿಂದೂಪುರದಲ್ಲಿ ಜೂನಿಯರ್ ವಕೀಲೆ, ಮಗ್ಗದ ಮನೆಯ ಹುಡುಗಿ. ಕಲ್ಯಾಣದುರ್ಗದ ಪಿ.ಪಿ. ಹುದ್ದೆ ಖಾಲಿ ಬಿದ್ದು ವರ್ಷಗಳಾಗಿ, ಅದರ ಇನ್‌ಚಾರ್ಜೂ ಇವರ ತಲೆಗೇ ಬಂದಿತ್ತು. ಮಂಗಳವಾರ, ಗುರುವಾರ ಅಲ್ಲಿ. ಉಳಿದ ದಿನ ಇಲ್ಲಿ. ಅಲ್ಲಿ ವಿಚಾರಣೆ ಮುಗಿಯದೆ ಇವರು ಅಲ್ಲೇ ಉಳಿದುಕೊಂಡರೆ ಇಲ್ಲಿಗೆ ಬಂದ ಸಾಕ್ಷಿಗಳು ವಾಯಿದೆ ತೆಗೆದುಕೊಂಡು ಊರಿಗೆ ಹಿಂದಿರುಗಬೇಕು. "ದೇವ್ರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅಂತಾರಲ್ಲ, ಆ ಪೂಜಾರಿ ನಾನೇ" ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು.

ಕೋರ್ಟು ಕೂರುವ ಮುಂಚೆ ಸಾಕ್ಷಿಗಳನ್ನು ಬೇವಿನ ಮರದಡಿ ಕೂರಿಸುತ್ತಿದ್ದರು. ಮೊದಲ ಪ್ರಶ್ನೆ ಕೇಸಿನದ್ದಲ್ಲ. "ಉಂಡು ಬಂದ್ಯಾ?" ಇಲ್ಲವೆಂದರೆ ತಮ್ಮ ಡಬ್ಬಿಯ ಚಿತ್ರಾನ್ನ ಅವರ ಮುಂದೆ. ಹಸಿದವರಿಗೆ ನೆನಪು ನಿಲ್ಲುವುದಿಲ್ಲವಂತೆ. ಆಮೇಲೆ ಪೊಲೀಸರ ಮುಂದೆ ಅವರೇ ಕೊಟ್ಟಿದ್ದ ಹೇಳಿಕೆಯನ್ನು ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ಓದಿ ಹೇಳುತ್ತಿದ್ದರು.

ಪರಿಗಿ ಕಡೆಯ ಒಬ್ಬ ಹೆಂಗಸಿನ ಕೈಯನ್ನು ಹೊಲದ ಬದುವಿನ ಜಗಳದಲ್ಲಿ ಮೈದುನ ಮುರಿದಿದ್ದ. ಸಾಕ್ಷಿ ಹೇಳಲು ಆಕೆ ನಾಲ್ಕು ಸಲ ಬಂದು ಹಿಂದಿರುಗಿದ್ದಳು. ಐದನೆಯ ಸಲ ಪಿ.ಪಿ. ಸಾರ್ ಇದ್ದರು, ಫೈಲೇ ಇರಲಿಲ್ಲ. ಚೆನ್ನಾಗಿ ಓದಿಕೊಳ್ಳೋಣವೆಂದು ಹಿಂದಿನ ದಿನ ಬಸ್ಸಿಗೆ ಒಯ್ದಿದ್ದವರು, ಅದನ್ನು ಕಲ್ಯಾಣದುರ್ಗದ ಕೆಂಪು ಬಟ್ಟೆಯ ಗಂಟಿಗೇ ಸೇರಿಸಿ ಅಲ್ಲಿನ ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದಿದ್ದರು. ಜಡ್ಜಿಯ ಮುಂದೆ ಎದ್ದು ನಿಂತು ತಪ್ಪು ತಮ್ಮದೆಂದರು. ಹೊರಗೆ ಬಂದು ಆಕೆಗೂ ಕೈ ಮುಗಿದರು.

"ಬಿಡಿ ಸ್ವಾಮಿ, ಇಬ್ರು ಮಾಡೋ ಕೆಲ್ಸ ಒಬ್ರೇ ಮಾಡ್ತೀರಿ," ಅಂದಳು ಆಕೆ.

ಮುಂದಿನ ವಾಯಿದೆಗೆ ಆಕೆ ಮೈದುನನ ಜೊತೆಯಲ್ಲೇ ಬಂದು ರಾಜಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು. ಮುರಿದ ಕೈ ಇನ್ನೂ ಸೊಟ್ಟಗೇ ಇತ್ತು. ಆ ದಿನ ಸಾರ್ ಡಬ್ಬಿ ತೆರೆಯಲಿಲ್ಲ. "ಕಲ್ಯಾಣದುರ್ಗದಾಗೆ ಒಂದು ಕುರ್ಚಿ ಖಾಲಿ ಇದ್ದದ್ದಕ್ಕೆ ಆಯಮ್ಮ ಸೋತ್ಲು ಕಣಮ್ಮ. ಹೊಸ ಪಿ.ಪಿ.ಗಳ್ನ ತಗೊಳ್ಳಕ್ಕೆ ನೋಟಿಫಿಕೇಷನ್ ಬಂದೈತೆ. ಅಪ್ಲಿಕೇಷನ್ ಹಾಕು," ಎಂದರು.

ನನಗೆ ಪರೀಕ್ಷೆಯೆಂದರೆ ಹೆದರಿಕೆ. ಅವರು ಬಿಟ್ಟರೆ ತಾನೆ? ಮಂಗಳವಾರ, ಗುರುವಾರ ಬೆಳಿಗ್ಗೆ ಬಸ್ಸಿನಿಂದಲೇ ಫೋನು ಮಾಡಿ ಕಾನೂನಿನ ಪ್ರಶ್ನೆ ಕೇಳುವರು. ಹಿಂದೆ ಕಂಡಕ್ಟರ್ ಟಿಕೆಟ್ ಟಿಕೆಟ್ ಎಂದು ಕೂಗುತ್ತಿದ್ದ. ತಪ್ಪು ಹೇಳಿದರೆ, "ಅಪರಾಧಿ ಬಿಡುಗಡೆಯಾಗಿ ಮನೆಗೆ ಹೋದ. ಇನ್ನೊಂದ್ಸಲ ಹೇಳು" ಎನ್ನುವರು.

ನೇಮಕದ ಪಟ್ಟಿಯಲ್ಲಿ ನನ್ನ ಹೆಸರು ಬಂತು, ಹಾಕಿದ್ದು ಕಲ್ಯಾಣದುರ್ಗಕ್ಕೇ. ಚಾರ್ಜು ಒಪ್ಪಿಸಲು ಬಂದವರು ಬೀರುವಿನ ಬೀಗದ ಕೈಯನ್ನೂ ಕೆಂಪು ಗಂಟನ್ನೂ ಕೊಟ್ಟು, "ಇನ್ಮೇಲೆ ಗುರುವಾರ ನಾನು ನಮ್ಮೂರಾಗೇ ಇರ್ತೀನಿ," ಎಂದು ಮಗುವಿನ ಹಾಗೆ ನಕ್ಕರು.

ಅಂಥ ಗುರುವಾರಗಳು ಅವರಿಗೆ ಮೂರೇ ಸಿಕ್ಕವು. ಎದೆನೋವು ಬಂದು ಹೋಗಿಬಿಟ್ಟರೆಂಬ ಸುದ್ದಿ ನನಗೆ ಮುಟ್ಟಿದಾಗ ಕೋರ್ಟು ಇನ್ನೂ ಕೂತಿರಲಿಲ್ಲ. ಬಾಗಿಲ ಬಳಿ ಒಬ್ಬ ಮುದುಕಿ ಮೂರನೆಯ ಸಲ ಸಾಕ್ಷಿ ಹೇಳಲು ಬಂದು ಕುಳಿತಿದ್ದಳು. ಆಗಲೇ ಹೊರಟರೆ ಸಾರ್ ಮುಖವನ್ನಾದರೂ ನೋಡಬಹುದಿತ್ತು. ಕೊನೆಗೆ ಹೋಗಿ ಆಕೆಯ ಪಕ್ಕ ಕೂತು, ಉಂಡು ಬಂದೆಯಾ ಎಂದು ತೆಲುಗಿನಲ್ಲಿ ಕೇಳಿದೆ.

ನಾನು ಹಿಂದೂಪುರ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕ್ಷಮೆ ಕೇಳಬೇಕೆಂದು ಅವರ ಹೆಂಡತಿಯ ಎದುರು ಕೂತೆ. ಅವರೇ ಮೊದಲು ನನ್ನ ಕೈ ಹಿಡಿದು ಕೇಳಿದರು:

"ಸಾಕ್ಷಿ ಬಂದಿದ್ರೇನಮ್ಮ?"

"ಬಂದಿದ್ರು ಅಮ್ಮ. ಹೇಳಿಸಿ ಕಳಿಸ್ದೆ."

"ಹಂಗಾರೆ ಸರಿ," ಅಂದರು.