ಮಗಳಿಗೆ ತೋರಿಸಬೇಕಾದ ಜಾಗಗಳು

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಮೊಬೈಲಿನಲ್ಲಿ ಹುಡುಕಿದರೆ ನೂರು ಜನ ನೂರು ಪಟ್ಟಿ ಕೊಡುತ್ತಾರೆ. ಕುಟುಂಬ ಸಮೇತ ನೋಡಬಹುದಾದ ಹತ್ತು ತಾಣ, ಮಕ್ಕಳು ಕುಣಿದಾಡುವ ಹದಿನೈದು ಜಾಗ, ಒಂದೇ ದಿನದಲ್ಲಿ ಬೆಂಗಳೂರು. ಎಲ್ಲ ಪಟ್ಟಿಯಲ್ಲೂ ಅದೇ ಪಾರ್ಕು, ಅದೇ ಮ್ಯೂಸಿಯಂ, ಅದೇ ಪುಟಾಣಿ ರೈಲು. ಬರೆದವರು ಅಲ್ಲಿಗೆ ಹೋಗಿದ್ದಾರೋ ಇಲ್ಲವೋ ಅಂತಲೇ ನನಗೆ ಅನುಮಾನ. ಆದರೂ ಹೋದ ಏಪ್ರಿಲ್‌ನಲ್ಲಿ ನಾನು ಅವನ್ನೆಲ್ಲ ಕೂತು ಓದಿ, ಮಗಳ ಹಳೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನನ್ನದೇ ಒಂದು ಪಟ್ಟಿ ಮಾಡಿದೆ. ನನಗೆ ಅವಸರವಿತ್ತು. ಮಗಳಿಗೆ ಒಂಬತ್ತು ವರ್ಷ. ಅವಳ ಕಣ್ಣು ಹೋಗುತ್ತಾ ಇತ್ತು.

ಅದು ಗೊತ್ತಾಗಿ ಆಗ ಮೂರು ತಿಂಗಳಾಗಿತ್ತು. ಮೊದಮೊದಲು ಸಂಜೆ ಹೊತ್ತು ಎಡವುತ್ತಿದ್ದಳು. ಬಾಗಿಲ ಬಳಿ ಬಿಟ್ಟ ಚಪ್ಪಲಿ, ಬಚ್ಚಲ ಮುಂದಿನ ಬಕೆಟ್ಟು, ಅಜ್ಜಿ ಕೂರುವ ಮಣೆ, ಯಾವುದೂ ಅವಳಿಗೆ ಕಾಣುತ್ತಿರಲಿಲ್ಲ. ಕಣ್ಣೇನು ನೆತ್ತಿ ಮೇಲಿದೆಯಾ ಅಂತ ನಾನು ಬೈದಿದ್ದೇನೆ. ಒಂದಲ್ಲ, ಹತ್ತು ಸಲ ಬೈದಿದ್ದೇನೆ. ಹಾಲಿನ ಪಾತ್ರೆ ಒದ್ದು ಉರುಳಿಸಿದಳು ಅಂತ ಒಂದು ದಿನ ಹೊಡೆದೂ ಇದ್ದೇನೆ. ಅಜ್ಜಿ ಇದು ಇರುಳುಗಣ್ಣು ಅಂತ ತಾನೇ ತೀರ್ಮಾನ ಮಾಡಿ ಎರಡು ತಿಂಗಳು ಬಿಡದೆ ನುಗ್ಗೆಸೊಪ್ಪು ತಿನ್ನಿಸಿದಳು. ಮಗು ನುಗ್ಗೆಸೊಪ್ಪು ಕಂಡರೆ ಓಡುವಂತಾಯಿತೇ ಹೊರತು ಎಡವುವುದು ನಿಲ್ಲಲಿಲ್ಲ. ಕೊನೆಗೆ ಕಣ್ಣಿನ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಒಂದೊಂದೇ ಯಂತ್ರದ ಮುಂದೆ ಅವಳನ್ನು ಕೂರಿಸಿ ನೋಡಿದರು. ಆಮೇಲೆ ಅವಳನ್ನು ನರ್ಸ್ ಜೊತೆ ಹೊರಗೆ ಕಳಿಸಿ, ನನ್ನನ್ನೂ ನನ್ನ ಗಂಡನನ್ನೂ ಒಳಗೆ ಕರೆದು ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮದು ಸಂಬಂಧದಲ್ಲೇ ಮದುವೆನಾ?"

ಸಂಬಂಧದಲ್ಲೇ. ನನ್ನ ಗಂಡ ನನ್ನ ಸೋದರಮಾವ, ಅಮ್ಮನ ಒಡಹುಟ್ಟಿದ ತಮ್ಮ. ಅಂದರೆ ನನ್ನ ಅತ್ತೆ ಬೇರೆ ಯಾರೂ ಅಲ್ಲ, ಅಮ್ಮನ ತಾಯಿ. ಹುಟ್ಟಿದಾಗಿನಿಂದ ಅಜ್ಜಿ ಅಂತ ಕರೆದವಳನ್ನು ತಾಳಿ ಕಟ್ಟಿದ ಮಾರನೇ ದಿನದಿಂದ ಅತ್ತೆ ಅನ್ನಲು ನನಗೆ ನಾಲಗೆ ಹೊರಳಲಿಲ್ಲ, ಹಾಗಾಗಿ ಈಗಲೂ ಅಜ್ಜಿಯೇ. ಗಂಡನನ್ನು ಈಗಲೂ ಮಾವ ಅಂತಲೇ ಕರೆಯುತ್ತೇನೆ. ಕುರುಬರಹಳ್ಳಿಯ ನಮ್ಮಂಥ ಹಳೇ ಮನೆಗಳಲ್ಲಿ ಇದೇನೂ ವಿಶೇಷವಲ್ಲ. ಹೊಲವೆಲ್ಲ ಲೇಔಟಾಗಿ, ಉಳಿದ ಸೈಟಿನಲ್ಲಿ ಬಾಡಿಗೆ ಮನೆಗಳು ಎದ್ದ ಮೇಲಂತೂ ಹೆಣ್ಣನ್ನು ಹೊರಗೆ ಕೊಡಲು ಹಿರಿಯರಿಗೆ ಮನಸ್ಸೇ ಬರುತ್ತಿರಲಿಲ್ಲ. ಹಾಗಂತ ಯಾರೂ ನನ್ನ ಕೈಕಾಲು ಕಟ್ಟಿ ಹಸೆಮಣೆ ಮೇಲೆ ಕೂರಿಸಲಿಲ್ಲ. ಆಗ ನನಗೆ ಇಪ್ಪತ್ತು. ಮಾವ ಅಂದರೆ ಇಷ್ಟವೇ ಇತ್ತು. ಗುರುತು ಪರಿಚಯವಿಲ್ಲದವರ ಮನೆಗೆ ಹೋಗಿ ಹೆದರಿ ಹೆದರಿ ಕಾಫಿ ಬೆರೆಸುವುದು ತಪ್ಪಿತಲ್ಲ ಅಂತ ಖುಷಿಯೂ ಆಗಿತ್ತು. ಗೆಳತಿಯರು ಅತ್ತೆ ಮನೆಯ ಗೋಳು ಹೇಳಿಕೊಳ್ಳುವಾಗ ಒಳಗೊಳಗೇ ಬೀಗುತ್ತಿದ್ದೆ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡುತ್ತಿದ್ದೆ. ಒಂದು ಕಾಗದದ ಮೇಲೆ ಚಿತ್ರ ಬರೆದು ನಿಧಾನವಾಗಿ ಬಿಡಿಸಿ ಹೇಳಿದರು. ಒಂದೇ ಮನೆಯಿಂದ ಬಂದ ಒಂದೇ ದೋಷ ನಿಮ್ಮಿಬ್ಬರಲ್ಲೂ ಅಡಗಿ ಕೂತಿತ್ತು, ನಿಮಗೇನೂ ಮಾಡಲಿಲ್ಲ, ಎರಡೂ ಕಡೆಯಿಂದ ಬಂದು ಮಗುವಿನಲ್ಲಿ ಸೇರಿಕೊಂಡಿತು. ಮೊದಲು ಕತ್ತಲಲ್ಲಿ ಕಾಣುವುದು ಹೋಗುತ್ತದೆ. ಆಮೇಲೆ ನೋಟ ಅಂಚಿನಿಂದ ಕಿರಿದಾಗುತ್ತಾ ಬರುತ್ತದೆ, ಪೈಪಿನೊಳಗಿಂದ ನೋಡಿದ ಹಾಗೆ. ಇವಳಿಗೆ ಕೊಡುವಂಥ ಔಷಧಿ ಸದ್ಯಕ್ಕಿಲ್ಲ. ಎಷ್ಟು ವರ್ಷ ಅಂತ ಹೇಳಲಾಗದು, ಆದರೆ ಇವಳದು ಸ್ವಲ್ಪ ಬೇಗ ನಡೆಯುತ್ತಿದೆ. ಎದ್ದು ಬರುವಾಗ ಮಾವ, ಕನ್ನಡಕ ಹಾಕಿದರೆ ಸರಿಹೋಗಲ್ವಾ ಮೇಡಂ ಅಂತ ಕೇಳಿದರು. ಡಾಕ್ಟರಮ್ಮ ಪಾಪ, ಮತ್ತೆ ಮೊದಲಿನಿಂದ ಹೇಳಿದರು.

ಮಗಳಿಗೆ ನಾವು ಹೇಳಲಿಲ್ಲ. ಕಣ್ಣಿಗೆ ಶಕ್ತಿ ಕಮ್ಮಿ ಇದೆ, ದೊಡ್ಡವಳಾದರೆ ಸರಿಹೋಗುತ್ತೆ ಅಂದೆವು. ಹೇಳದೆ ಉಳಿಸಿಕೊಂಡದ್ದು ಒಳಗೆ ಕೂತು ಸುಮ್ಮನಿರುವುದಿಲ್ಲವಲ್ಲ, ಅದಕ್ಕೇ ನನ್ನ ಪಟ್ಟಿ. ಕಣ್ಣಿರುವಾಗಲೇ ಏನೇನು ನೋಡಬೇಕೋ ನೋಡಿಬಿಡಲಿ ಅಂತ ಹಟಕ್ಕೆ ಬಿದ್ದೆ. ತಮಾಷೆಯೆಂದರೆ ಈ ಊರಲ್ಲೇ ಹುಟ್ಟಿ ಬೆಳೆದ ನಾನೇ ಅದರಲ್ಲಿ ಅರ್ಧ ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಮೆಜೆಸ್ಟಿಕ್ ದಾಟುವುದೆಂದರೆ ಇವತ್ತಿಗೂ ಪೇಟೆಗೆ ಹೋಗುವುದು. ನಾವು ಹೊರಟ ಭಾನುವಾರವೂ ಅಜ್ಜಿ, ಪೇಟೆಗೆ ಹೋಗ್ತೀರಂತೆ, ಮಗೀಗೆ ಬಿಸ್ಲು ತಾಗಿಸ್ಬೇಡಿ ಅಂತ ಹೇಳಿ ಡಬ್ಬಿಗೆ ಚಿತ್ರಾನ್ನ ತುಂಬಿ ಕೊಟ್ಟಳು.

ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದೆವು. ಮಗಳು ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತಳು. ಅಷ್ಟಕ್ಕೆ ಬಿಡಬೇಕಿತ್ತು ನಾನು, ಬಿಡಲಿಲ್ಲ. ಗೋಪುರ ನೋಡು, ಆ ಟೆರೇಸ್ ಮೇಲೆ ಪಾರಿವಾಳದ ಗೂಡು ನೋಡು, ಕೆಳಗೆ ರೈಲು ಹೋಗ್ತಾ ಇದೆ ನೋಡು. ಗಾಡಿ ನೆಲದೊಳಗೆ ಇಳಿಯುವ ತನಕ ನನ್ನ ಬಾಯಿ ನಿಲ್ಲಲಿಲ್ಲ. ಎದುರು ಕೂತಿದ್ದ ಹೆಂಗಸು ಇವಳಿಗೇನಾಗಿದೆ ಅನ್ನುವ ಹಾಗೆ ನನ್ನನ್ನೇ ನೋಡುತ್ತಿದ್ದಳು.

ಪಾರ್ಕಿನಲ್ಲಿ ಪುಟಾಣಿ ರೈಲಿನ ಸಾಲಿನಲ್ಲಿ ನಿಂತಾಗ ಮಗಳು, ಇದು ಚಿಕ್ಕಮಕ್ಕಳದ್ದು ಅಮ್ಮ, ಬೇಡ ಅಂದಳು. ನಿಜ, ಸುತ್ತ ಇದ್ದವೆಲ್ಲ ಮೂರು ನಾಲ್ಕು ವರ್ಷದ ಮಕ್ಕಳು. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ನಾವು ಕರೆದುಕೊಂಡು ಬಂದಿರಲಿಲ್ಲ. ಮುಂದಿನ ವರ್ಷ ಹೋದರಾಯ್ತು ಅಂತ ಐದು ವರ್ಷ ತಳ್ಳಿದ್ದೆವು. ಬಲವಂತವಾಗಿ ಹತ್ತಿಸಿದೆ. ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಮುದುರಿ ಕೂತು ಒಂದು ಸುತ್ತು ಬಂದಳು, ನನಗೋಸ್ಕರ ಟಾಟಾ ಕೂಡ ಮಾಡಿದಳು.

ಮ್ಯೂಸಿಯಮ್ಮಿನಲ್ಲಿ ಇನ್ನೊಂದು ಥರ. ನೆಲ ಅಂತಸ್ತಿನ ಒಂದು ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕಬ್ಬಿಣದ ಚೆಂಡುಗಳು ಹಳಿಯ ಮೇಲೆ ಉರುಳುತ್ತಿದ್ದವು. ಮೇಲಿಂದ ಇಳಿದು, ಸುತ್ತು ಹೊಡೆದು, ಗಂಟೆಗೆ ತಾಗಿ ಠಣ್ ಅನ್ನಿಸಿ, ಕೆಳಗೆ ಬಿದ್ದು, ಏಣಿಯಂಥ ಒಂದು ಯಂತ್ರದಲ್ಲಿ ಮತ್ತೆ ಮೇಲಕ್ಕೆ ಹೋಗುತ್ತಿದ್ದವು. ಮಗಳು ಅದರ ಮುಂದೆ ನಿಂತವಳು ಅಲ್ಲಾಡಲಿಲ್ಲ. ಒಂದೇ ಚೆಂಡನ್ನು ಗುರುತಿಟ್ಟು ನೋಡ್ತಾ ಇದೀನಿ, ಅದು ಮತ್ತೆ ಬರೋ ತನಕ ಇರೋಣ ಅಂದಳು. ನಾನು ಐದು ನಿಮಿಷ ಕಾದೆ. ಮೇಲೆ ಇನ್ನೂ ಮೂರು ಅಂತಸ್ತಿತ್ತು, ಡೈನೋಸಾರ್ ಇತ್ತು, ವಿಮಾನ ಇತ್ತು. ಕೈ ಹಿಡಿದು ಎಳೆದುಕೊಂಡು ಹೋದೆ. ಆ ದಿನವೆಲ್ಲ ಅವಳು ತಾನಾಗಿ ನೋಡಬೇಕು ಅಂದದ್ದು ಅದೊಂದನ್ನೇ, ಅದನ್ನೇ ನಾನು ನೋಡಗೊಡಲಿಲ್ಲ. ಇದನ್ನು ನೆನೆದಾಗೆಲ್ಲ ನನ್ನ ಕೈಯನ್ನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮೇಲೆ ನೂಕುನುಗ್ಗಲು. ಪಕ್ಕದಿಂದ ಬರುವವರು ಅವಳಿಗೆ ಕಾಣುತ್ತಿರಲಿಲ್ಲ, ಇಬ್ಬರು ಮೂವರಿಗೆ ಡಿಕ್ಕಿ ಹೊಡೆದಳು. ಒಬ್ಬ ಮನುಷ್ಯ, ನೋಡ್ಕೊಂಡು ಹೋಗೋಕಾಗಲ್ವೇನಮ್ಮ ಅಂತ ಗದರಿದ. ನಾನು ಅವನ ಮೇಲೆ ಬಿದ್ದೆ. ನಿನಗೆ ಎರಡು ಕಣ್ಣಿದೆಯಲ್ಲ, ನೀನು ನೋಡ್ಕೊಂಡು ಹೋಗು ಅಂತ ಅಷ್ಟು ಜನರ ಮುಂದೆ ಕೂಗಾಡಿದೆ. ಅವನು ಗದರಿದ್ದು, ನಾನೇ ಮಗಳಿಗೆ ಬೈದಿದ್ದೆನಲ್ಲ, ಅದಕ್ಕಿಂತ ಏನೂ ಬೇರೆಯಾಗಿರಲಿಲ್ಲ. ಮಾವ ನನ್ನ ರಟ್ಟೆ ಹಿಡಿದು ಹೊರಗೆ ಕರೆತಂದರು. ಮರದ ಕೆಳಗೆ ಕೂತು ಚಿತ್ರಾನ್ನ ತಿಂದೆವು.

ಪಟ್ಟಿಯಲ್ಲಿ ಉಳಿದಿದ್ದದ್ದು ತಾರಾಲಯ. ಅದರ ಪಕ್ಕ ನಾನು ಎರಡು ಗೆರೆ ಎಳೆದಿದ್ದೆ. ಕಾರಣವಿತ್ತು. ನನಗೊಬ್ಬ ತಮ್ಮನಿದ್ದಾನೆ, ಇಪ್ಪತ್ತೆರಡು ವರ್ಷ, ಎರಡು ಬೀದಿ ಆಚೆ ಅಮ್ಮನ ಜೊತೆಗಿದ್ದಾನೆ. ಶಾಲೆಯಲ್ಲಿ ಗ್ರಹ ನಕ್ಷತ್ರದ ಪಾಠವಾದಾಗ ಅವನು ಮಗಳನ್ನು ಟೆರೇಸಿಗೆ ಕರೆದುಕೊಂಡು ಹೋಗಿ ಬೆರಳಿಟ್ಟು ತೋರಿಸಿದ್ದ. ಅವಳಿಗೆ ಒಂದೂ ಕಾಣಲಿಲ್ಲ. ಬೆಂಗಳೂರಲ್ಲಿ ಲೈಟು ಜಾಸ್ತಿ, ಯಾರಿಗೂ ಕಾಣಲ್ಲ ಅಂತ ನಾನು ಸುಳ್ಳು ಹೇಳಿದೆ. ಆವತ್ತಿನಿಂದ ನನಗೆ ಒಂದೇ ಹುಚ್ಚು, ಇವಳಿಗೆ ನಕ್ಷತ್ರ ತೋರಿಸಬೇಕು. ತಾರಾಲಯದ ಒಳಗಾದರೆ ದೊಡ್ಡದಾಗಿ, ಹತ್ತಿರದಲ್ಲಿ ಕಾಣುತ್ತವೆ ಅಂದುಕೊಂಡೆ. ಅದನ್ನು ತೋರಿಸಲು ಮೊದಲು ದೀಪ ಆರಿಸುತ್ತಾರೆ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕತ್ತಲಲ್ಲಿ ಕಾಣುವುದೇ ಮೊದಲು ಹೋಗುತ್ತದೆ ಅಂತ ಡಾಕ್ಟರಮ್ಮ ಎರಡು ಸಲ ಹೇಳಿದ್ದರು. ನಾನು ಬಿ.ಕಾಂ. ಓದಿದವಳು.

ಗುಮ್ಮಟದ ಕೆಳಗೆ ಒರಗು ಕುರ್ಚಿಗಳಲ್ಲಿ ಮೂವರೂ ಕೂತೆವು, ಮಗಳು ನಡುವೆ. ದೀಪಗಳು ಒಂದೊಂದಾಗಿ ಮಂಕಾಗಿ ಪೂರ್ತಿ ಆರಿದವು. ಆಮೇಲೆ ಮೇಲೆ ಒಮ್ಮೆಗೇ ನಕ್ಷತ್ರಗಳು ತುಂಬಿಕೊಂಡವು. ನಾನು ಹುಟ್ಟಿದಾಗಿನಿಂದ ಅಷ್ಟು ನಕ್ಷತ್ರ ನೋಡಿರಲಿಲ್ಲ. ಇಡೀ ಸಭಾಂಗಣ ಓ ಅಂತು. ಮಗಳು ನನ್ನ ಕೈ ತಡಕಿ ಹಿಡಿದುಕೊಂಡಳು.

"ಅಮ್ಮ, ಶುರುವಾಯ್ತಾ?"

ಇನ್ನೂ ಇಲ್ಲ ಕಂದ ಅಂದೆ. ಅಷ್ಟರಲ್ಲಿ ವಿವರಣೆಯ ದನಿ ಶುರುವಾಯಿತು, ಈಗ ಉತ್ತರ ದಿಕ್ಕಿಗೆ ನೋಡಿ, ಅಲ್ಲಿ ಕಾಣುವ ಏಳು ನಕ್ಷತ್ರಗಳೇ ಸಪ್ತರ್ಷಿ ಮಂಡಲ ಅಂತು. ಮಗಳ ಕೈ ಒಂದು ಗಳಿಗೆ ಬಿಗಿಯಾಯಿತು. ಅಮ್ಮ ಸುಳ್ಳು ಹೇಳಿದಳು ಅಂತ ಅವಳಿಗೆ ಅರ್ಥವಾಗಿತ್ತು. ಪರದೆಯ ಮಂದ ಬೆಳಕಿನಲ್ಲಿ ಅವಳ ಮುಖ ನನಗೆ ಕಾಣುತ್ತಿತ್ತು. ಎಡಕ್ಕೆ ನೋಡಿ ಅಂದಾಗ ಎಡಕ್ಕೆ ತಿರುಗಿದಳು, ನೆತ್ತಿಯ ಮೇಲೆ ಅಂದಾಗ ಮೇಲಕ್ಕೆ. ಜನ ಓ ಅಂದಾಗ ಅವಳೂ ಅರೆಗಳಿಗೆ ತಡವಾಗಿ ಓ ಅಂದಳು. ದೊಡ್ಡದಾಗಿ ಸೂರ್ಯನ ಚಿತ್ರ ಬಂದಾಗ ಮಾತ್ರ ಅವಳ ಮುಖ ನಿಜವಾಗಿ ಅರಳಿತು, ಅದೂ ಒಂದೆರಡು ನಿಮಿಷ.

ಹೊರಗೆ ಬಂದ ಮೇಲೆ, ಏನೂ ಗೊತ್ತಾಗದ ಮಾವ, ಎಷ್ಟು ನಕ್ಷತ್ರ ನೋಡ್ದೆ ಮಗಾ ಅಂತ ಕೇಳಿದರು. ಅವಳು ಅವರ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, ನಕ್ಕಳು.

"ತುಂಬ ಅಪ್ಪ. ಎಣಿಸೋಕೇ ಆಗಲ್ಲ."

ನಾವು ಅವಳಿಂದ ಬಚ್ಚಿಡುತ್ತಿದ್ದೇವೆ ಅಂದುಕೊಂಡಿದ್ದೆ. ಅವಳೇ ನಮ್ಮಿಂದ ಬಚ್ಚಿಡುತ್ತಿದ್ದಳು. ಅದು ಯಾವಾಗಿನಿಂದ ಶುರುವಾಗಿತ್ತೋ, ಇನ್ನೂ ಏನೇನು ಕಾಣದ್ದನ್ನು ಕಂಡೆ ಅಂದಿದ್ದಳೋ, ನನಗೆ ಗೊತ್ತಿಲ್ಲ. ಗೇಟಿನ ಬಳಿ ಚುರುಮುರಿ ಕೊಡಿಸಿದೆವು. ತಿನ್ನುತ್ತಾ ಅವಳು ಚೆನ್ನಾಗಿತ್ತು ಅಂತ ಇನ್ನೆರಡು ಸಲ ಹೇಳಿದಳು. ನಾನು ಪಟ್ಟಿಯ ಹಾಳೆ ಹರಿದು ಅಲ್ಲೇ ಕಸದ ಬುಟ್ಟಿಗೆ ಹಾಕಿದೆ.

ವಾಪಸ್ ಬಂದು ಇಳಿದಾಗ ಕತ್ತಲು ಕವಿಯುತ್ತಿತ್ತು. ಸ್ಟೇಷನ್ನಿನ ಕೆಳಗೆ ಸ್ಕೂಟರ್ ತಂದು ತಮ್ಮ ಕಾದಿದ್ದ. ನಾನು ಬಾ ಅಂದಿರಲಿಲ್ಲ. ಮೇಲೆ ಹತ್ತಿ ಬಂದವನೇ, ಈ ಹೊತ್ತಲ್ಲಿ ಅವಳಿಗೆ ಮೆಟ್ಟಿಲು ಇಳಿಯೋದು ಕಷ್ಟ ಅಕ್ಕ, ಅದಕ್ಕೇ ಬಂದೆ ಅಂತ ಹೇಳಿ, ಒಂಬತ್ತು ವರ್ಷದವಳನ್ನು ಬೆನ್ನ ಮೇಲೆ ಹೊತ್ತು ಇಳಿಸಿದ. ಅವಳು ಅವನ ಕಿವಿ ಹಿಂಡಿ ನಗುತ್ತಿದ್ದಳು. ಆ ದಿನದಲ್ಲಿ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಮನೆಯಲ್ಲಿ ಅಜ್ಜಿ ಮುದ್ದೆ ಮಾಡಿಟ್ಟಿದ್ದಳು. ನಡುಮನೆಯಲ್ಲಿ ಮಗಳ ಪಕ್ಕ ತಮ್ಮ ಊಟಕ್ಕೆ ಕೂತ. ನಮ್ಮ ನಡುಮನೆಯ ದೀಪ ಅಷ್ಟಕ್ಕಷ್ಟೇ. ಅವನು ಆಟವಾಡಿಸುವ ಹಾಗೆ, ಎಡಗಡೆ ಪಲ್ಯ, ಮುಂದೆ ಸಾರು, ಲೋಟ ನನ್ನ ಕಡೆ, ಈಗ ಕಣ್ಣುಮುಚ್ಚಿ ತಿನ್ನು ನೋಡೋಣ ಅನ್ನುತ್ತಿದ್ದ. ಅವನಿಗೆ ಹೀಗೆ ಮಾಡು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ತೊಟ್ಟೂ ಚೆಲ್ಲದೆ ಅವಳು ಉಣ್ಣುತ್ತಿದ್ದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಜ್ಜಿ ಒಳಗಿನಿಂದಲೇ ತಗ್ಗಿದ ದನಿಯಲ್ಲಿ ಮಾತು ತೆಗೆದಳು.

"ಹೊರಗಿನೋರು ಯಾರು ಕಣೇ ಇವಳನ್ನ ಮಾಡ್ಕೊಳ್ಳೋದು? ಮಾಡ್ಕೊಂಡ್ರೂ ಬಾಳಿಸ್ತಾರಾ? ನಿನ್ನ ತಮ್ಮ ಇದಾನೆ, ಮನೆ ಹುಡುಗ. ಇನ್ನು ಹತ್ತು ವರ್ಷ ಕಾಯ್ತಾನೆ ಬಿಡು."

ನಾನು ಸರಕ್ಕನೆ ತಿರುಗಿದೆ. ಹೇಳಬೇಕಾದದ್ದೆಲ್ಲ ನಾಲಗೆಯ ತುದಿಯಲ್ಲಿತ್ತು. ಇದರಿಂದಲೇ ಅಲ್ಲವಾ ಅಜ್ಜಿ ಹೀಗಾದದ್ದು, ಡಾಕ್ಟರಮ್ಮ ಬಿಡಿಸಿ ಹೇಳಿದ್ದು ಇದನ್ನೇ ಅಲ್ಲವಾ, ನಮ್ಮಲ್ಲಿದ್ದ ದೋಷ ಅವನಲ್ಲೂ ಇರಬಹುದು, ಅವರಿಗೆ ಹುಟ್ಟುವ ಮಗುವೂ ಹೀಗೇ ಆಗಬಹುದು. ಮ್ಯೂಸಿಯಮ್ಮಿನಲ್ಲಿ ಗುರುತಿಲ್ಲದವನ ಮೇಲೆ ಕೂಗಾಡಿದವಳಿಗೆ ಸ್ವಂತ ಅಜ್ಜಿಯ ಮುಂದೆ ಇಷ್ಟು ಹೇಳುವುದೇನು ದೊಡ್ಡದು? ಆದರೆ ಹೊರಗೆ ಮಗಳ ಬಾಯಿಯನ್ನು ತಮ್ಮ ಒರೆಸುತ್ತಿದ್ದ. ನಾವಿಬ್ಬರೂ ಹೋದ ಮೇಲೂ ಇವನಿರುತ್ತಾನೆ, ಇವನು ಇವಳನ್ನು ಬೀಳಲು ಬಿಡುವುದಿಲ್ಲ ಅನ್ನಿಸಿತು. ಮೂರು ತಿಂಗಳಲ್ಲಿ ಮೊದಲ ಸಲ ನನ್ನ ಹೊಟ್ಟೆಯೊಳಗಿನ ಉರಿ ಸ್ವಲ್ಪ ತಣ್ಣಗಾಯಿತು. ಎಲ್ಲ ಗೊತ್ತಿದ್ದೂ ತಣ್ಣಗಾಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಆ ಸಮಾಧಾನವನ್ನು ದೂರ ತಳ್ಳಲು ಆಗಲಿಲ್ಲ.

ಅಜ್ಜಿ, ಏನಂತೀಯೇ ಅಂತ ಇನ್ನೊಂದು ಸಲ ಕೇಳಿದಳು. ಅದಕ್ಕೆ ಇನ್ನೂ ಟೈಮಿದೆ ಬಿಡು ಅಜ್ಜಿ ಅಂದೆ.