ಮಿಂದು ಬಂದ ಟಾರ್ಪಾಲು

ನನ್ನ ನಾಲಿಗೆ ಬೈಯುವಾಗ ಜಾರುವುದಿಲ್ಲ, ಹೊಗಳುವಾಗ ಜಾರುತ್ತದೆ. ಅದಕ್ಕೇ ನಾನು ಹೊರಗೆ ಹೊರಟಾಗಲೆಲ್ಲ ನನ್ನ ಹೆಂಡತಿ, "ಯಾರನ್ನೂ ಹೊಗಳಬೇಡಿ" ಎಂದು ಹೇಳಿಯೇ ಕಳಿಸುವುದು. ಅವತ್ತು ಹೇಳಲು ಮರೆತಿದ್ದಳು.

ಸೂರತ್ತಿನ ಉಧ್ನಾದಲ್ಲಿ ಟಾರ್ಪಾಲಿನ ಅಂಗಡಿ ಇಟ್ಟಿರುವ ಬಾಲಚಂದ್ರಣ್ಣನವರ ಮಗಳು ದಿವ್ಯಾಳ ಮದುವೆ ಮಾತುಕತೆ. ಗಂಡಿನ ತಂದೆತಾಯಿ ಮಾಧವ, ಕಮಲಾ. ವಡೋದರಾದಲ್ಲಿ ಹೋಟೆಲ್ ನಡೆಸುವವರು. ಮದುವೆ ತಮ್ಮ ಸೊಸೈಟಿಯ ಅಂಗಳದಲ್ಲೇ, ತಾವೇ ಹೊಲಿದ ಟಾರ್ಪಾಲಿನ ಅಡಿಯಲ್ಲಿ ಎಂದರು ಬಾಲಚಂದ್ರಣ್ಣ. ಶ್ರಾವಣದ ಮಳೆಯನ್ನು ಅದು ತಡೆದೀತೇ ಎಂದು ಕಮಲಕ್ಕ ಅನುಮಾನಿಸಿದರು. ಗೆಳೆಯನ ಮಾನ ಕಾಯಲು ನಾನು ಬಾಯಿ ಹಾಕಿದೆ.

"ತಡೆಯೋದೇನು ಬಂತಮ್ಮಾ! ಮೊನ್ನೆ ನಮ್ಮ ಕನ್ನಡ ಸಂಘದ ಕಿಶೋರನ ತಂದೆಯ ಉತ್ತರಕ್ರಿಯೆ ಊಟಕ್ಕೆ ಇದನ್ನೇ ಕಟ್ಟಿದ್ದು. ಆಕಾಶವೇ ಹರಿದು ಬಿತ್ತು, ಪಾಯಸಕ್ಕೆ ಒಂದು ಹನಿ ಬೀಳಲಿಲ್ಲ!"

ಕಮಲಕ್ಕ ಬಾಯಿಯವರೆಗೆ ಒಯ್ದಿದ್ದ ಜಲೇಬಿಯನ್ನು ತಟ್ಟೆಗೆ ವಾಪಸು ಇಟ್ಟರು. ನಾನು ನನ್ನ ತಟ್ಟೆಯ ಖಮಣ ಢೋಕ್ಲಾದ ಮೇಲಿದ್ದ ಸಾಸಿವೆಯನ್ನು ಶ್ರದ್ಧೆಯಿಂದ ನೋಡತೊಡಗಿದೆ.

"ಎಂತ ಮಾರಾಯ್ರೆ, ಸಾವಿನ ಮನೆಗೆ ಹೋಗಿ ಬಂದದ್ದರ ಅಡಿಯಲ್ಲಿ ನಮ್ಮ ಹುಡುಗನ ಧಾರೆಯಾ? ಚಾತುರ್ಮಾಸ ಅಂತ ಗುಜರಾತಿಗಳ ಮದುವೆ ಒಂದೂ ಇಲ್ಲ. ಎಸಿ ಹಾಲಿನವರೆಲ್ಲ ನೊಣ ಹೊಡೀತಾ ಕೂತಿದ್ದಾರೆ. ಅಲ್ಲೇ ಮಾಡುವ," ಎಂದರು ಕಮಲಕ್ಕ.

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ಟಾರ್ಪಾಲಿನ ಕಥೆ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಬಾಲಚಂದ್ರಣ್ಣ ಗಂಗೊಳ್ಳಿಯವರು. ಅವರ ತಂದೆ ಸರಕು ಸಾಗಿಸುವ ಮಂಜಿಗಳಿಗೆ ಹಾಯಿ ಹೊಲಿಯುತ್ತಿದ್ದರು. ಎಂಜಿನ್ ಬಂದು ಹಾಯಿ ಮೂಲೆ ಸೇರಿದಾಗ ಮಗನನ್ನು ಸೂರತ್ತಿಗೆ, ಸೋದರಮಾವನ ಹೋಟೆಲಿಗೆ ಕಳಿಸಿದರು. ಕರಾವಳಿಯಿಂದ ಇಲ್ಲಿಗೆ ಬಂದವರು ಬಹಳ ಮಂದಿ ದೋಸೆಕಲ್ಲಿನ ಮುಂದೆ ನಿಂತೇ ಉದ್ಧಾರವಾಗಿದ್ದಾರೆ. ಇವರ ದೋಸೆ ಮಾತ್ರ ಎಷ್ಟು ಹುಯ್ದರೂ ಗುಜರಾತಿನ ನಕ್ಷೆಯ ಹಾಗೆ ಬರುತ್ತಿತ್ತಂತೆ. ಹೋಟೆಲಿನ ಎದುರಿಗೆ ಲಾರಿಗಳಿಗೆ ತಾಡಪತ್ರಿ ಹೊಲಿಯುವ ಅಂಗಡಿ. ಟಾರ್ಪಾಲಿಗೆ ಇಲ್ಲಿ ಹಾಗೆನ್ನುತ್ತಾರೆ. ಒಂದು ದಿನ ಅಲ್ಲಿಗೆ ಇಡ್ಲಿ ಕೊಡಲು ಹೋದರು. ದಪ್ಪ ಹತ್ತಿ ಬಟ್ಟೆ, ಅಂಗೈಗೆ ಕಟ್ಟುವ ಚರ್ಮದ ಪಟ್ಟಿ, ಮೇಣ ಸವರಿದ ದಾರ. ಊರಿನಲ್ಲಿ ಅಪ್ಪನ ಕೈಯಲ್ಲಿದ್ದ ಸಾಮಾನೇ! ಅಲ್ಲೇ ಕೂತುಬಿಟ್ಟರು. ಇಡ್ಲಿ ತಟ್ಟೆ ಹೋಟೆಲಿಗೆ ವಾಪಸು ಹೋಗಲಿಲ್ಲ. ಸೋದರಮಾವ ಇಂದಿಗೂ ಆ ತಟ್ಟೆ ಕೇಳುತ್ತಾರೆ.

ಹಾಯಿಗೂ ಟಾರ್ಪಾಲಿಗೂ ರಕ್ತಸಂಬಂಧ. ಹಿಂದೆ ಹಡಗಿನವರು ಬಟ್ಟೆಗೆ ಡಾಂಬರು ಬಳಿದು ಸರಕಿನ ಮೇಲೆ ಹೊದೆಸುತ್ತಿದ್ದರು. ಆಮೇಲೆ ಡಾಂಬರಿನ ಜಾಗಕ್ಕೆ ಎಣ್ಣೆ, ಮೇಣ ಬಂದವು. ನಮ್ಮ ಕಾಲಕ್ಕೆ ನೀಲಿ ಪ್ಲಾಸ್ಟಿಕ್ಕು ಬಂದು ಬಟ್ಟೆಯನ್ನೇ ಓಡಿಸಿತು. ಹಗುರ, ಅಗ್ಗ, ಒಣಗಿಸುವ ರಗಳೆಯಿಲ್ಲ. ಒಂದೆರಡು ಬೇಸಿಗೆ ಕಂಡರೆ ಮಾತ್ರ ಹಪ್ಪಳದಂತೆ ಮುರಿಯುತ್ತದೆ. ಸೀರೆಯ ಬೇಲು ಹೊತ್ತ ಟೆಂಪೊಗೂ ಅದೇ, ಸೋರುವ ಮಗ್ಗದ ಶೆಡ್ಡಿಗೂ ಅದೇ, ಮೇಲ್ಸೇತುವೆಯ ಪಕ್ಕದ ಸಂಸಾರಗಳಿಗೆ ಗೋಡೆಯೂ ಸೂರೂ ಅದೇ. ಬಾಲಚಂದ್ರಣ್ಣನೂ ಅದನ್ನೇ ಮಾರಿ ಮನೆ ಕೊಂಡರು. ಆದರೆ ತಾವು ಹೊಲಿದ ಬಟ್ಟೆಯ ಟಾರ್ಪಾಲು ಒಂದನ್ನು ಉಳಿಸಿಕೊಂಡರು. ಇಲ್ಲಿನ ಕನ್ನಡದವರ ಮದುವೆ, ನಾಮಕರಣ, ಸಾವು ಯಾವುದಕ್ಕೂ ಬಾಡಿಗೆಯಿಲ್ಲದೆ ಅದನ್ನು ಕಟ್ಟುತ್ತಾರೆ. ದಿವ್ಯಾಳನ್ನು ತೊಟ್ಟಿಲಿಗೆ ಹಾಕಿದ್ದೂ ಅದರಡಿಯಲ್ಲೇ. ಅವಳ ಧಾರೆಯೂ ಅಲ್ಲೇ ಆಗಬೇಕೆಂಬುದು ಅವರಿಗಿದ್ದ ಒಂದೇ ಹಟ. ಅದರ ಮೇಲೆ ನಾನು ಪಾಯಸ ಚೆಲ್ಲಿದ್ದೆ.

ಬಾಲಚಂದ್ರಣ್ಣ ನನ್ನತ್ತ ತಿರುಗಿಯೂ ನೋಡಲಿಲ್ಲ. "ಅಕ್ಕ, ಸಾವಿನ ಮನೆಗೆ ನಾವೂ ಹೋಗುದುಂಟಲ್ಲ. ಬಂದು ಮೀಯುತ್ತೇವೆ, ಆಮೇಲೆ ಮದುವೆಗೂ ಹೋಗ್ತೇವೆ. ಇದನ್ನೂ ಮೀಸುವ."

"ಹಾ ನೆ ಆಂಟಿ," ಎಂದಳು ದಿವ್ಯಾ ತನ್ನ ಸೂರತ್ತಿ ಕನ್ನಡದಲ್ಲಿ. "ಎಲ್ಲರ ಶಾದಿ ಇದರ ನೀಚೆ ಆಯ್ತು. ನನ್ನದು ಮಾತ್ರ ಫ್ರಿಜ್ಜಿನಲ್ಲಾ?"

ಕಮಲಕ್ಕ ಗಂಡನ ಮುಖ ನೋಡಿದರು. ಮಾಧವರು ಜಲೇಬಿ ತಿನ್ನುತ್ತ ತಟಸ್ಥ ರಾಷ್ಟ್ರವಾಗಿದ್ದರು.

"ಸರಿ, ಮೀಸಿ. ಆದರೆ ಒದ್ದೆ ಮೈಯಲ್ಲಿ ಮಂಟಪಕ್ಕೆ ತರ್ಬೇಡಿ. ಹಿಂದಿನ ದಿನ ನಾನೇ ಮುಟ್ಟಿ ನೋಡ್ತೇನೆ. ಹಸಿ ಇದ್ದರೆ ಹಾಲ್."

ಮೀಸುವುದೇನೋ ಸುಲಭ. ಸೋಪು ತಾಗಿದರೆ ಕೊಳೆಯ ಜೊತೆಗೆ ಮೇಣವೂ ಹೋಗುತ್ತದೆ. ಮತ್ತೆ ಮೇಣ ಹಚ್ಚಲು ಬಟ್ಟೆ ಒಣಗಬೇಕು, ಒಣಗಲು ಬಿಸಿಲು ಬೇಕು. ಶ್ರಾವಣದ ಬಿಸಿಲು ನಮ್ಮ ವಿಮಾ ಕಚೇರಿಯ ನನ್ನಂಥ ಅಧಿಕಾರಿಯ ಹಾಗೆ. ಬಂತು ಎನ್ನುವಷ್ಟರಲ್ಲಿ ಚಹಾಕ್ಕೆ ಹೋಗಿರುತ್ತದೆ. ವಾರ ಕಳೆದರೂ ಟಾರ್ಪಾಲು ಹಿಂಡಿದರೆ ನೀರು ಬರುತ್ತಿತ್ತು. ಬಾಲಚಂದ್ರಣ್ಣ ಊಟ ಕಡಿಮೆ ಮಾಡಿದರು, ಮಾತು ಮೊದಲೇ ಕಡಿಮೆ. ಕೊನೆಗೆ ಒಂದು ಬೆಳಿಗ್ಗೆ ಎದ್ದು, ನೊಣ ಹೊಡೆಯುತ್ತಿದ್ದ ಎಸಿ ಹಾಲಿನ ಮಾಲೀಕನನ್ನೇ ಹೋಗಿ ಕಂಡರು. ಖಾಲಿ ಹಾಲಿನಲ್ಲಿ ಕಂಬದಿಂದ ಕಂಬಕ್ಕೆ ಟಾರ್ಪಾಲು ಹರಡಿ, ಇದ್ದ ಫ್ಯಾನು, ಎಸಿ ಎಲ್ಲ ಹಾಕಿಸಿದರು. ಮದುವೆಗೆ ಬೇಡವಾದ ಹಾಲು ಮದುವೆಯನ್ನು ಉಳಿಸಿತು.

ಮೇಣ ಹಚ್ಚುವ ದಿನ ಪ್ರಾಯಶ್ಚಿತ್ತಕ್ಕೆಂದು ನಾನೂ ಹೋದೆ. ನನಗೊಂದು ಮೂಲೆ ಕೊಟ್ಟರು. ಬಿಸಿ ಮೇಣ ಬಳಿದೆ, ಇಸ್ತ್ರಿಪೆಟ್ಟಿಗೆಯಿಂದ ಉಜ್ಜಿದೆ, ಬೆವರು ಸುರಿಸಿದೆ. ಬಾಲಚಂದ್ರಣ್ಣ ಬಂದು ಆ ಮೂಲೆಯನ್ನು ಬಹಳ ಹೊತ್ತು ನೋಡಿದರು. ಮೆಚ್ಚಿಗೆ ಎಂದುಕೊಂಡೆ.

ಮದುವೆಯ ಹಿಂದಿನ ದಿನ ಕಮಲಕ್ಕ ಟಾರ್ಪಾಲಿಗೆ ಅಂಗೈ ಇಟ್ಟರು. ಸಾಲದೆಂದು ಕೆನ್ನೆ ಇಟ್ಟರು. "ಎಣ್ಣೆನೀರು ಹಾಕಿದ ಮದುಮಗಳ ಹಾಗೆ ಉಂಟು. ಕಟ್ಟಿ," ಎಂದರು.

ಧಾರೆಯ ಹೊತ್ತಿಗೆ ಸರಿಯಾಗಿ ಮಳೆ ಬಂತು. ಎಲ್ಲರೂ ವಧೂವರರನ್ನು ನೋಡುತ್ತಿದ್ದರೆ ಕಮಲಕ್ಕ ಮೇಲೆ ನೋಡುತ್ತಿದ್ದರು. ದಿವ್ಯಾಳ ಮೇಲೆ ಅಕ್ಷತೆಯಲ್ಲದೆ ಬೇರೇನೂ ಬೀಳಲಿಲ್ಲ. ಬಾಲಚಂದ್ರಣ್ಣ ಮಗಳ ಕೈಗೆ ನೀರೆರೆದು, ಆಮೇಲೆ ಕಣ್ಣೊರೆಸಿಕೊಂಡರು. ಅದು ಸೋರಿಕೆಯ ಲೆಕ್ಕಕ್ಕೆ ಬರುವುದಿಲ್ಲ.

ಅಷ್ಟರಲ್ಲಿ ನನ್ನ ಬೋಳುನೆತ್ತಿಗೆ ತಣ್ಣಗೆ ಒಂದು ಹನಿ ಬಿತ್ತು. ಮತ್ತೊಂದು. ಆಮೇಲೆ ಧಾರಾಕಾರ. ಅಷ್ಟು ದೊಡ್ಡ ಚಪ್ಪರದಲ್ಲಿ ಇನ್ನೆಲ್ಲೂ ಸೋರುತ್ತಿರಲಿಲ್ಲ. ಧಾರೆ ಮುಗಿದು ಬಾಲಚಂದ್ರಣ್ಣ ಎಲ್ಲರನ್ನೂ ಊಟಕ್ಕೆ ಕರೆಯುತ್ತ ಹತ್ತಿರ ಬಂದಾಗ ಕೇಳಿದೆ:

"ಅಲ್ಲ ಬಾಲಚಂದ್ರಣ್ಣ, ಇಷ್ಟು ಜನರಿದ್ದಾರೆ. ನನ್ನೊಬ್ಬನ ತಲೆಯ ಮೇಲೇ ಸೋರಬೇಕಾ?"

ಅವರು ಮೇಲೆ ನೋಡಿದರು. ನನ್ನ ತಲೆ ನೋಡಿದರು.

"ಅದು ನೀವು ಮೇಣ ಹಚ್ಚಿದ ಮೂಲೆ ಸರ್. ನಿಮ್ಮ ಕುರ್ಚಿ ನಾನೇ ಅಲ್ಲಿ ಹಾಕ್ಸಿದ್ದು."